ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲ ನೋಡಲು ಹೋಗುವವರಿಗೆ: ತಿಂಗಳ ಲೆಕ್ಕದಿಂದ ದೋಣಿಯ ಆಯ್ಕೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಈ ಭೂಮಿಯ ಮೇಲೆ ಇದುವರೆಗೆ ಬದುಕಿದ ಪ್ರಾಣಿಗಳಲ್ಲೆಲ್ಲ ದೊಡ್ಡದು ಎಂದು ಗೊತ್ತಿರುವುದು ನೀಲಿ ತಿಮಿಂಗಿಲ. ಅದನ್ನು ಕಣ್ಣಾರೆ ಕಾಣಲು ನಾವು ಧ್ರುವ ಪ್ರದೇಶಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ತಾಸು. ಅಲ್ಲಿಂದ ದಕ್ಷಿಣಕ್ಕೆ ಮೂರು ನಾಲ್ಕು ತಾಸು ಸಾಗಿದರೆ ಮಿರಿಸ್ಸಾ ಎಂಬ ಮೀನುಗಾರರ ಊರು. ಅಲ್ಲಿಂದ ಬೆಳಿಗ್ಗೆ ಹೊರಡುವ ದೋಣಿ ಮಧ್ಯಾಹ್ನದ ಊಟದ ಹೊತ್ತಿಗೆ ನಿಮ್ಮನ್ನು ದಡಕ್ಕೆ ತಂದು ಬಿಡುತ್ತದೆ. ಆ ನಡುವಿನ ನಾಲ್ಕೈದು ತಾಸುಗಳಲ್ಲಿ ತಿಮಿಂಗಿಲವನ್ನು ನೋಡಿ ಬರುತ್ತೀರೋ, ಅದನ್ನು ಅಟ್ಟಿಸಿಕೊಂಡು ಹೋಗಿ ಬರುತ್ತೀರೋ ಎಂಬುದು ನೀವು ಯಾವ ದೋಣಿಗೆ ಹಣ ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ. ಈ ಬರಹದಲ್ಲಿ ಉಳಿದ ವಿಷಯಗಳಿಗಿಂತ ದೋಣಿಯ ಬಗ್ಗೆಯೇ ಹೆಚ್ಚು ಬರೆದಿರುವುದಕ್ಕೆ ಅದೇ ಕಾರಣ.

ನಮ್ಮ ಕರಾವಳಿಯಲ್ಲಿ ಏಕಿಲ್ಲ ಎಂದು ಕೇಳುವವರಿದ್ದಾರೆ. ಕಾರವಾರ, ಗೋಕರ್ಣದ ಕಡೆ ದಡಕ್ಕೆ ಹತ್ತಿರದಲ್ಲೇ ಗೂನುಬೆನ್ನಿನ ಡಾಲ್ಫಿನ್‌ಗಳು ಕಾಣಸಿಗುತ್ತವೆ, ಅವನ್ನು ತೋರಿಸುವ ದೋಣಿಗಳೂ ಇವೆ. ಅರಬ್ಬೀ ಸಮುದ್ರದಲ್ಲಿ ತಿಮಿಂಗಿಲಗಳೂ ಇವೆ. ಆದರೆ ನಮ್ಮ ದಡದಿಂದಾಚೆ ಕಡಲು ಬಹಳ ದೂರದವರೆಗೆ ಆಳವಿಲ್ಲದೆ ಹರಡಿಕೊಂಡಿದೆ. ಶ್ರೀಲಂಕಾದ ದಕ್ಷಿಣ ತುದಿಯಲ್ಲಿ ಹಾಗಿಲ್ಲ. ದೊಂಡ್ರಾ ಭೂಶಿರದ ಬಳಿ ಕೆಲವೇ ಕಿಲೋಮೀಟರ್ ದಾಟಿದರೆ ಕಡಲ ತಳ ಕಡಿದಾಗಿ ಇಳಿದುಬಿಡುತ್ತದೆ. ಆ ಆಳದ ಅಂಚಿನಲ್ಲಿ ಸಣ್ಣ ಸಿಗಡಿಗಳು ದಟ್ಟವಾಗಿ ಸೇರುತ್ತವೆ. ಅವನ್ನು ತಿನ್ನಲು ತಿಮಿಂಗಿಲ ಬರುತ್ತದೆ. ಬೇರೆ ಕಡಲುಗಳ ನೀಲಿ ತಿಮಿಂಗಿಲಗಳು ಹೆಚ್ಚಾಗಿ ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಗಳನ್ನು ತಿಂದು ಬದುಕುತ್ತವೆ, ಬೇಸಿಗೆಗೆ ತಣ್ಣನೆಯ ನೀರಿಗೆ ವಲಸೆ ಹೋಗುತ್ತವೆ. ಇಲ್ಲಿನವು ಉಷ್ಣವಲಯದ ಬೆಚ್ಚಗಿನ ನೀರಿನಲ್ಲೇ ಉಂಡು ಬದುಕುತ್ತವೆ. 2003ರಲ್ಲಿ ಶ್ರೀಲಂಕಾದ ಕಡಲ ವಿಜ್ಞಾನಿ ಆಶಾ ಡಿ ವೋಸ್ ಇದೇ ಕಡಲಿನಲ್ಲಿ ನೀಲಿ ತಿಮಿಂಗಿಲಗಳ ಗುಂಪಿನ ಪಕ್ಕ ಕೆಂಪು ಬಣ್ಣದ ಮಲ ತೇಲುತ್ತಿರುವುದನ್ನು ಕಂಡರು. ಮಲ ಇದೆಯೆಂದರೆ ಇಲ್ಲೇ ಊಟ ನಡೆಯುತ್ತಿದೆ ಎಂದರ್ಥ. ಅಲ್ಲಿಂದ ಮುಂದೆ ಈ ತಿಮಿಂಗಿಲಗಳ ಅಧ್ಯಯನವೇ ಅವರ ಬದುಕಿನ ಕೆಲಸವಾಯಿತು.

ಮೊದಲು ತಿಂಗಳು ಗೊತ್ತುಮಾಡಿ

ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ದಿನಾಂಕ ನಿಗದಿ ಮಾಡಬೇಡಿ. ಮಿರಿಸ್ಸಾದ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಅದರಲ್ಲೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆ ಭಾಗದ ಕಡಲು ಶಾಂತವಾಗಿರುತ್ತದೆ. ಮೇ ತಿಂಗಳಲ್ಲಿ ನೈಋತ್ಯ ಮಾರುತ ಬೀಸತೊಡಗಿದರೆ, ನಮ್ಮ ಮಲ್ಪೆ ಮಂಗಳೂರಿನಂತೆ ಅಲ್ಲಿಯೂ ಅಲೆಗಳು ಏಳುತ್ತವೆ. ತಿಮಿಂಗಿಲ ಕಡಲಿನಲ್ಲಿದ್ದರೂ ದೋಣಿಯಿಂದ ನೋಡುವ ಸ್ಥಿತಿ ಇರುವುದಿಲ್ಲ.

ಮಕ್ಕಳಿಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ ಮೇ ತಿಂಗಳಲ್ಲಿ ತಾನೆ ಎನ್ನುವವರು ಏಪ್ರಿಲ್ ಮೊದಲ ವಾರಗಳನ್ನೇ ಹಿಡಿಯಿರಿ. ಅದು ತಪ್ಪಿದರೆ ಮಿರಿಸ್ಸಾವನ್ನು ಬಿಟ್ಟು ಪೂರ್ವ ಕರಾವಳಿಯ ತ್ರಿಕೋಣಮಲೆಗೆ ಹೋಗಿ. ಮಾರುತದ ದಿಕ್ಕು ಬದಲಾದಾಗ ದ್ವೀಪದ ಒಂದು ಮಗ್ಗುಲು ಒರಟಾಗಿ ಇನ್ನೊಂದು ಮಗ್ಗುಲು ತಿಳಿಯಾಗುತ್ತದೆ. ತ್ರಿಕೋಣಮಲೆಯಲ್ಲಿ ಮೇನಿಂದ ಆಗಸ್ಟ್‌ವರೆಗೆ ಕಡಲು ನೆಮ್ಮದಿಯಾಗಿರುತ್ತದೆ. ಅಲ್ಲಿ ಬಂದರಿನ ಬಾಯಿಯಲ್ಲೇ ಆಳವಾದ ಕಡಲ ಕಣಿವೆಯಿದೆ. ಬಂಡೆಯ ತುದಿಯ ಮೇಲಿರುವ ಕೋಣೇಶ್ವರ ದೇವಸ್ಥಾನದ ಬಳಿ ನಿಂತು ಬೈನಾಕ್ಯುಲರ್ ಹಿಡಿದರೆ ಕೆಲವೊಮ್ಮೆ ದಡದಿಂದಲೇ ತಿಮಿಂಗಿಲದ ಉಸಿರು ಕಾಣುತ್ತದೆ. ದೋಣಿ ಹತ್ತಲಾಗದ ಹಿರಿಯರು ಜೊತೆಗಿದ್ದರೆ ಇದನ್ನು ನೆನಪಿನಲ್ಲಿಡಿ. ವಾಯವ್ಯ ತೀರದ ಕಲ್ಪಿಟಿಯಾ ಮೂರನೆಯ ಆಯ್ಕೆ. ಅಲ್ಲಿ ನೂರಾರು ಸಂಖ್ಯೆಯ ಡಾಲ್ಫಿನ್ ಹಿಂಡುಗಳು, ಮಾರ್ಚ್ ಏಪ್ರಿಲ್‌ನಲ್ಲಿ ಅದೃಷ್ಟವಿದ್ದರೆ ಸ್ಪರ್ಮ್ ತಿಮಿಂಗಿಲಗಳು. ಆದರೆ ನೀಲಿ ತಿಮಿಂಗಿಲವೇ ಬೇಕೆಂದರೆ ಮಿರಿಸ್ಸಾ ಅಥವಾ ತ್ರಿಕೋಣಮಲೆ.

ಕ್ಯಾಲೆಂಡರಿನಲ್ಲಿ ಇನ್ನೊಂದನ್ನು ನೋಡಿಕೊಳ್ಳಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’ ಎಂಬ ಸಾರ್ವಜನಿಕ ರಜೆ. ಆ ದಿನವೂ ವಾರಾಂತ್ಯದಲ್ಲೂ ಸ್ಥಳೀಯ ಪ್ರವಾಸಿಗರಿಂದ ದೋಣಿಗಳು ತುಂಬಿರುತ್ತವೆ. ಮಂಗಳವಾರ, ಬುಧವಾರದಂಥ ವಾರದ ನಡುವಿನ ದಿನಗಳಲ್ಲಿ ಕಡಲ ಮೇಲೆ ದೋಣಿಗಳ ಸಂತೆ ಕಡಿಮೆ.

ಎಷ್ಟು ದಿನ ಬೇಕು, ತಲುಪುವುದು ಹೇಗೆ

ಮಿರಿಸ್ಸಾದಲ್ಲಿ ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ. ಮೊದಲ ಬೆಳಗು ಕಡಲಿಗೆ, ಎರಡನೆಯದು ಕಾಯ್ದಿರಿಸಿದ ಬೆಳಗು. ಗಾಳಿ ಹೆಚ್ಚಾಗಿ ದೋಣಿ ಹೊರಡದಿದ್ದರೆ, ಹೊರಟರೂ ಏನೂ ಕಾಣದಿದ್ದರೆ, ಎರಡನೆಯ ಬೆಳಗು ಕೈಹಿಡಿಯುತ್ತದೆ. ಹೋದ ದಿನವೇ ನೋಡಿ ಸಂಜೆಗೆ ಕ್ಯಾಂಡಿಯ ದಾರಿ ಹಿಡಿಯುವ ಪ್ಯಾಕೇಜ್ ಪ್ರವಾಸಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾಡುಪ್ರಾಣಿ ನಮ್ಮ ವೇಳಾಪಟ್ಟಿಗೆ ಬರುವುದಿಲ್ಲ, ಒಂದೇ ಬೆಳಗನ್ನು ನೆಚ್ಚಿಕೊಂಡವರು ಚಾಲಕನ ಮೇಲೆ ಒತ್ತಡ ಹಾಕುತ್ತಾರೆ, ಆ ಒತ್ತಡ ಕೊನೆಗೆ ತಿಮಿಂಗಿಲದ ಮೇಲೆ ಬೀಳುತ್ತದೆ.

ಭಾರತೀಯರು ಶ್ರೀಲಂಕಾಕ್ಕೆ ಹೊರಡುವ ಮೊದಲು ಇಟಿಎ ಎಂಬ ಆನ್‌ಲೈನ್ ಪ್ರವೇಶಾನುಮತಿಗೆ ಅರ್ಜಿ ಹಾಕಬೇಕು. ಇದರ ಶುಲ್ಕ ಮತ್ತು ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡಿಸುವ ದಿನವೇ ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣವನ್ನು ನೋಡಿ. ಅದೇ ರೂಪದ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ, ಎಚ್ಚರ. ಗಡಿಯಾರ ತಿರುಗಿಸುವ ಕೆಲಸವಿಲ್ಲ, ನಮ್ಮದೇ ಸಮಯ.

ಕೊಲಂಬೊ ವಿಮಾನಗಳು ಇಳಿಯುವ ಕಟುನಾಯಕೆ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿದರೆ ಸುಮಾರು ಮೂರು ತಾಸು. ಅವಸರವಿಲ್ಲದವರು ಕೊಲಂಬೊ ಫೋರ್ಟ್ ನಿಲ್ದಾಣದಿಂದ ಕರಾವಳಿ ರೈಲು ಹತ್ತಬಹುದು. ವೇಗದ ಗಾಡಿಗಳು ಮಿರಿಸ್ಸಾದ ಚಿಕ್ಕ ನಿಲ್ದಾಣದಲ್ಲಿ ನಿಲ್ಲದಿರಬಹುದು. ಪಕ್ಕದ ವೆಲಿಗಾಮದಲ್ಲಿ ಇಳಿದು ಆಟೊ ಹಿಡಿಯಿರಿ. ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿದರೆ ಗಾಲ್‌ವರೆಗೂ ಕಡಲು ಜೊತೆಗೇ ಬರುತ್ತದೆ.

ತಂಗಲು ಬಂದರಿಗೆ ಹತ್ತಿರದ ಜಾಗ ಸಾಕು. ಸಸ್ಯಾಹಾರಿಗಳಿಗೆ ಊಟದ ತೊಂದರೆ ಅಷ್ಟಿಲ್ಲ. ಅಪ್ಪ, ಒತ್ತು ಶ್ಯಾವಿಗೆ, ತೆಂಗಿನಹಾಲಿನ ಬೇಳೆ ಸಾರು ಎಲ್ಲ ಕಡೆಯೂ ಸಿಗುತ್ತವೆ. ‘ಪೊಲ್ ಸಂಬೋಲ’ ಎಂಬ ತೆಂಗಿನಕಾಯಿ ಚಟ್ನಿಯಲ್ಲಿ ಮಾತ್ರ ಒಣಮೀನಿನ ಪುಡಿ ಸೇರಿಸುವ ರೂಢಿಯಿದೆ, ಬಡಿಸುವ ಮೊದಲೇ ಕೇಳಿ.

ದೋಣಿಯ ಆಯ್ಕೆ: ಇಲ್ಲಿ ಅವಸರ ಬೇಡ

2009ರಲ್ಲಿ ಶ್ರೀಲಂಕಾದ ಅಂತರ್ಯುದ್ಧ ಮುಗಿದು ಪ್ರವಾಸೋದ್ಯಮ ಚಿಗುರಿದ ಮೇಲೆ ಮಿರಿಸ್ಸಾದ ಮೀನುಗಾರಿಕಾ ಬಂದರಿನಲ್ಲಿ ತಿಮಿಂಗಿಲ ತೋರಿಸುವ ದೋಣಿಗಳು ಬೇಗಬೇಗ ಹೆಚ್ಚಿದವು. ಎಷ್ಟೋ ಮನೆಗಳ ಅನ್ನ ಅದರಿಂದ ನಡೆಯುತ್ತಿದೆ, ಇದು ಸಂತೋಷದ ಸಂಗತಿ. ಆದರೆ ಒಂದೇ ತಿಮಿಂಗಿಲದ ಸುತ್ತ ಹತ್ತಾರು ದೋಣಿಗಳು ಮುತ್ತಿಕೊಳ್ಳುವ ದೃಶ್ಯವೂ ಅಲ್ಲಿಯೇ ಹುಟ್ಟಿತು. ಶ್ರೀಲಂಕಾ ಸರ್ಕಾರ 2012ರಲ್ಲಿ ನಿಯಮ ತಂದಿತು: ತಿಮಿಂಗಿಲದಿಂದ 100 ಮೀಟರ್ ದೂರವಿರಬೇಕು. ನಿಯಮ ಕಾಗದದ ಮೇಲಿದೆ, ನೀರಿನ ಮೇಲೆ ಅದನ್ನು ಪಾಲಿಸುವವರೂ ಇದ್ದಾರೆ, ಪಾಲಿಸದವರೂ ಇದ್ದಾರೆ. ಪಾಲಿಸುವವರನ್ನು ಹುಡುಕುವುದು ನಮ್ಮ ಕೆಲಸ.

ದೋಣಿ ಕಾಯ್ದಿರಿಸುವ ಮುನ್ನ ಮಾಲೀಕರಿಗೆ ಸಂದೇಶ ಕಳಿಸಿ ಇಷ್ಟನ್ನು ಕೇಳಿ.

ತಿಮಿಂಗಿಲ ಕಂಡಾಗ ಎಷ್ಟು ದೂರದಲ್ಲಿ ನಿಲ್ಲುತ್ತೀರಿ? ‘ಬಹಳ ಹತ್ತಿರ ಕರೆದೊಯ್ಯುತ್ತೇವೆ, ಮುಟ್ಟುವಷ್ಟು ಹತ್ತಿರ’ ಎಂಬ ಉತ್ತರ ಬಂದರೆ ಅಲ್ಲಿಗೇ ಮಾತು ಮುಗಿಸಿ. 100 ಮೀಟರ್ ಎಂದು ತಾವಾಗಿಯೇ ಹೇಳುವವರು ನಿಯಮ ಬಲ್ಲವರು.

ದೋಣಿಯ ಮೇಲೆ ತಿಮಿಂಗಿಲಗಳ ಬಗ್ಗೆ ವಿವರಿಸುವ ಮಾರ್ಗದರ್ಶಕರು ಇರುತ್ತಾರೆಯೇ? ಇರುವ ದೋಣಿಯಲ್ಲಿ ಕಾಯುವ ಹೊತ್ತೂ ಪಾಠದ ಹೊತ್ತಾಗುತ್ತದೆ. ಪ್ರವಾಸಿಗರಿಗೆ ಕಾಯುವ ತಾಳ್ಮೆ ಬಂದರೆ ಚಾಲಕನಿಗೆ ಬೆನ್ನಟ್ಟುವ ಒತ್ತಡ ಇರುವುದಿಲ್ಲ.

ಏನೂ ಕಾಣದಿದ್ದರೆ? ಮರುದಿನ ಉಚಿತವಾಗಿ ಅಥವಾ ಅರ್ಧ ದರಕ್ಕೆ ಕರೆದೊಯ್ಯುವ ದೋಣಿಗಳಿವೆ. ಕಾಣದಿದ್ದರೆ ಪೂರ್ತಿ ಹಣ ವಾಪಸ್ ಎನ್ನುವ ಕಡೆ ನನಗೆ ಅನುಮಾನ. ತೋರಿಸಲೇಬೇಕು ಎಂಬ ಹಟಕ್ಕೆ ಬಿದ್ದ ದೋಣಿ ನಿಯಮ ಮರೆಯುತ್ತದೆ.

ಪ್ರವಾಸೋದ್ಯಮ ಪ್ರಾಧಿಕಾರದ ನೋಂದಣಿ, ವಿಮೆ, ಎಲ್ಲರಿಗೂ ಸಾಲುವಷ್ಟು ಲೈಫ್ ಜಾಕೆಟ್, ಶೌಚಾಲಯ ಇವು ಇವೆಯೇ? ಶೌಚಾಲಯದ ಪ್ರಶ್ನೆಯನ್ನು ನಾಚಿಕೆಯಿಂದ ಬಿಡಬೇಡಿ. ಐದು ತಾಸು ಕಡಲ ಮೇಲಿರುವ ಹೆಂಗಸರಿಗೆ, ಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ಸಂಗತಿಯಲ್ಲ.

ಎಷ್ಟು ಜನರನ್ನು ಹತ್ತಿಸುತ್ತೀರಿ? ಎರಡು ಅಂತಸ್ತಿನ ದೊಡ್ಡ ದೋಣಿ ಅಲೆಯ ಮೇಲೆ ಕಡಿಮೆ ಓಲಾಡುತ್ತದೆ, ಎತ್ತರದಿಂದ ನೋಟವೂ ದೂರ ಹೋಗುತ್ತದೆ. ಆದರೆ ಕುರ್ಚಿಗೆ ಕುರ್ಚಿ ತಾಗಿಸಿ ತುಂಬಿಸಿದರೆ ತಿಮಿಂಗಿಲ ಕಂಡಾಗ ಎಲ್ಲರೂ ಒಂದೇ ಬದಿಗೆ ನುಗ್ಗುತ್ತಾರೆ, ಇದು ಅಪಾಯ.

ಪ್ರವಾಸಿಗರ ವಿಮರ್ಶೆಗಳನ್ನು ಓದುವಾಗ ನಕ್ಷತ್ರಗಳನ್ನು ಎಣಿಸಬೇಡಿ. ‘ತುಂಬಾ ಹತ್ತಿರ ಹೋದೆವು, ಅದ್ಭುತ’ ಎಂಬ ಐದು ನಕ್ಷತ್ರಕ್ಕಿಂತ ‘ಎಂಜಿನ್ ನಿಲ್ಲಿಸಿ ಕಾದೆವು, ಬೇರೆ ದೋಣಿಗಳು ಮುನ್ನುಗ್ಗಿದವು’ ಎಂದು ದೂರಿದ ಮೂರು ನಕ್ಷತ್ರ ಹೆಚ್ಚು ಸತ್ಯ ಹೇಳುತ್ತದೆ. ನೀರಿಗಿಳಿದು ತಿಮಿಂಗಿಲದೊಡನೆ ಈಜಿಸುತ್ತೇವೆ ಎಂದು ಕಡಲತಡಿಯಲ್ಲಿ ಕರೆಯುವವರಿರುತ್ತಾರೆ. ಪರವಾನಗಿಯಿಲ್ಲದೆ ಅದು ಕಾನೂನುಬಾಹಿರ, ಹೋಗಬೇಡಿ. ಹೋಟೆಲಿನವರು ಹೇಳಿದ ದೋಣಿ ಒಳ್ಳೆಯದೇ ಇರಬಹುದು. ಆದರೂ ಸಂಜೆ ಬಂದರಿಗೆ ನಡೆದು ಹೋಗಿ ಒಮ್ಮೆ ದೋಣಿಯನ್ನು ನೋಡಿ ಬನ್ನಿ.

ಹಿಂದಿನ ರಾತ್ರಿ: ಹೊಟ್ಟೆಯ ತಯಾರಿ

ಈ ಪ್ರವಾಸ ಕೆಡುವುದು ತಿಮಿಂಗಿಲ ಕಾಣದೆ ಹೋದಾಗಲ್ಲ, ವಾಂತಿಯಿಂದ. ಆಗುಂಬೆ ಘಾಟಿಯಲ್ಲಿ ಕಾರಿನೊಳಗೆ ತಲೆಸುತ್ತುವವರಿಗೆ ಕಡಲಿನಲ್ಲೂ ತಲೆಸುತ್ತುತ್ತದೆ ಎಂದೇ ಇಟ್ಟುಕೊಳ್ಳಿ. ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕಂಡು ಪ್ರಯಾಣದ ವಾಂತಿ ತಡೆಯುವ ಮಾತ್ರೆ ಬರೆಸಿಕೊಳ್ಳಿ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಅವೊಮಿನ್ ನಿದ್ದೆ ತರಿಸುತ್ತದೆ; ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ಕೊಡಲೇಬಾರದು. ಮಾತ್ರೆಯನ್ನು ದೋಣಿ ಹತ್ತುವ ಮೊದಲೇ, ವೈದ್ಯರು ಹೇಳಿದ ಹೊತ್ತಿಗೆ ನುಂಗಬೇಕು. ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿ ಹೆಚ್ಚು ಪ್ರಯೋಜನವಿಲ್ಲ.

ರಾತ್ರಿ ಎಣ್ಣೆ, ಖಾರ, ಮದ್ಯ ಬಿಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಒಂದೆರಡು ಬಾಳೆಹಣ್ಣು, ಒಣ ಬಿಸ್ಕತ್ತು, ಬ್ರೆಡ್ಡು ಸಾಕು. ಒಣಶುಂಠಿ ಅಥವಾ ಶುಂಠಿ ಪೆಪ್ಪರ್‌ಮಿಂಟ್ ಬಾಯಲ್ಲಿಟ್ಟುಕೊಂಡರೆ ಹಲವರಿಗೆ ಹಿತವೆನಿಸುತ್ತದೆ. ದೋಣಿಯಲ್ಲಿ ಕೆಳ ಅಂತಸ್ತಿನ ನಡುಭಾಗ ಅಥವಾ ಹಿಂಭಾಗ ಹಿಡಿಯಿರಿ, ಓಲಾಟ ಅಲ್ಲಿ ಕಡಿಮೆ. ಡೀಸೆಲ್ ಹೊಗೆ ಬರುವ ಮೂಲೆ ಬೇಡ. ಕಣ್ಣು ದಿಗಂತದ ಮೇಲಿರಲಿ. ಮೊಬೈಲ್ ನೋಡುತ್ತ ತಲೆ ಬಗ್ಗಿಸಿ ಕೂತವರು ಮೊದಲು ಮಲಗುತ್ತಾರೆ.

ಚೀಲದಲ್ಲಿ ಏನಿರಲಿ

ಗಾಳಿಗೆ ಹಾರದಂತೆ ದಾರವಿರುವ ಟೋಪಿ, ತುಂಬುತೋಳಿನ ತೆಳುವಾದ ಹತ್ತಿ ಅಂಗಿ, ಸನ್‌ಸ್ಕ್ರೀನ್, ಪೋಲರಾಯ್ಡ್ ಕನ್ನಡಕ, ನೀರು. ನೀರಿನ ಹೊಳಪನ್ನು ತಡೆಯುವ ಕನ್ನಡಕ ಇಲ್ಲಿ ಅಲಂಕಾರವಲ್ಲ, ಅದಿಲ್ಲದೆ ಒಂಬತ್ತರ ಬಿಸಿಲಿನಲ್ಲಿ ಹೆಚ್ಚು ಹೊತ್ತು ಕಡಲು ನೋಡಲಾಗುವುದಿಲ್ಲ. ಬೈನಾಕ್ಯುಲರ್ ಇದ್ದರೆ 7 ಅಥವಾ 8 ಪಟ್ಟಿನದು ಸರಿ. ಹೆಚ್ಚು ಪಟ್ಟಿನದು ಓಲಾಡುವ ದೋಣಿಯಲ್ಲಿ ಕೈಗೆ ನಿಲ್ಲುವುದಿಲ್ಲ. ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಕಸ ಏನಾದರೂ ಆದರೆ ವಾಪಸ್ ತರಲು ಇನ್ನೊಂದು ಚೀಲ.

ಕಡಲ ಮೇಲೆ: ನೋಡುವುದನ್ನು ಕಲಿಯುವುದು

ದೋಣಿಗಳು ಸಾಮಾನ್ಯವಾಗಿ ಬೆಳಿಗ್ಗೆ ಆರೂವರೆಯ ಸುಮಾರಿಗೆ ಹೊರಡುತ್ತವೆ. ಬೆಳಗಿನ ಕಡಲು ತಿಳಿ, ಬಿಸಿಲೇರಿದಂತೆ ಗಾಳಿಯೂ ಏರುತ್ತದೆ. ಮೊದಲ ಒಂದು ತಾಸು ಬರೀ ನೀರು. ಹಾರುಮೀನುಗಳು ದೋಣಿಯ ಮುಂದೆ ಚಿಮ್ಮಿ ಅಲೆಯ ಮೇಲೆ ಜಾರಿ ಹೋಗುತ್ತವೆ, ಆಮೆಯ ತಲೆ ಕಾಣಬಹುದು, ಡಾಲ್ಫಿನ್ ಹಿಂಡು ದೋಣಿಯ ಮೂತಿಗೆ ಬಂದು ಆಡಬಹುದು. ಇವೆಲ್ಲ ‘ಅಸಲಿ’ ಸಂಗತಿಗೆ ಮುನ್ನಿನ ಹೊತ್ತುಗಳೆವ ಆಟ ಎಂದುಕೊಳ್ಳಬೇಡಿ. ಎಷ್ಟೋ ಬೆಳಗುಗಳ ಸಿರಿ ಇವೇ.

ಇಡೀ ಕಡಲನ್ನು ಒಮ್ಮೆಗೇ ನೋಡಲು ಹೋದರೆ ಏನೂ ಕಾಣುವುದಿಲ್ಲ. ಮನೆಯವರೆಲ್ಲ ಪಾಲು ಹಂಚಿಕೊಳ್ಳಿ. ಒಬ್ಬರಿಗೆ ಎಡಬದಿ, ಒಬ್ಬರಿಗೆ ಮುಂಬದಿ, ಒಬ್ಬರಿಗೆ ಬಲಬದಿ. ದೋಣಿಯ ಮೂತಿಯನ್ನು ಗಡಿಯಾರದ ಹನ್ನೆರಡು ಎಂದು ಹಿಡಿದು ದಿಕ್ಕು ಹೇಳುತ್ತಾರೆ. ‘ಎರಡು ಗಂಟೆ’ ಎಂದರೆ ಬಲಕ್ಕೆ ತುಸು ಮುಂದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ, ಅವರ ಕಣ್ಣು ನಮ್ಮದಕ್ಕಿಂತ ಚುರುಕು.

ಮೊದಲು ಕಾಣುವುದು ಉಸಿರು. ನೀಲಿ ತಿಮಿಂಗಿಲ ಮೇಲೆ ಬಂದು ಉಸಿರು ಬಿಟ್ಟರೆ ಸುಮಾರು ಒಂಬತ್ತು ಮೀಟರ್ ಎತ್ತರದ ನೆಟ್ಟಗಿನ ಬಿಳಿ ಕಂಬ ಏಳುತ್ತದೆ. ಮೂರು ಅಂತಸ್ತಿನ ಮನೆಯೆತ್ತರ. ಗಾಳಿ ಕಡಿಮೆಯಿದ್ದರೆ ಎರಡು ಮೂರು ಕ್ಷಣ ಹಾಗೇ ನಿಲ್ಲುತ್ತದೆ, ಆಮೇಲೆ ಚದುರುತ್ತದೆ. ಎಂಜಿನ್ ನಿಂತಿದ್ದರೆ ಶಬ್ದವೂ ಕೇಳುತ್ತದೆ. ಅದರ ಬೆನ್ನಿಗೇ ಬೂದಿಮಿಶ್ರಿತ ನೀಲಿ ಬೆನ್ನು ನೀರಿನಿಂದ ಮೂಡಿ ಉರುಳತೊಡಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಅದರ ಉದ್ದ: ತಲೆ ಮುಳುಗಿದ ಮೇಲೂ ಬೆನ್ನು ಸಾಗುತ್ತಲೇ ಇರುತ್ತದೆ, ಇನ್ನೂ ಸಾಗುತ್ತದೆ, ಕೊನೆಗೆ ಎಲ್ಲೋ ಹಿಂದೆ, ಅಷ್ಟು ದೊಡ್ಡ ಮೈಗೆ ಹೊಂದದಷ್ಟು ಪುಟ್ಟ ಈಜುರೆಕ್ಕೆಯೊಂದು ಕಾಣುತ್ತದೆ. ಹೀಗೆ ಹಲವು ಬಾರಿ ಉಸಿರಾಡಿದ ಮೇಲೆ ಬೆನ್ನು ಕಮಾನಿನಂತೆ ಬಾಗಿದರೆ ಅದು ಆಳಕ್ಕೆ ಇಳಿಯುವ ಸೂಚನೆ. ಕೆಲವು ತಿಮಿಂಗಿಲಗಳು ಆಗ ಬಾಲವನ್ನು ಪೂರ್ತಿ ಮೇಲೆತ್ತುತ್ತವೆ, ಕೆಲವು ಎತ್ತುವುದಿಲ್ಲ. ಇಳಿದ ಜಾಗದಲ್ಲಿ ನೀರು ಎಣ್ಣೆ ಸವರಿದಂತೆ ನುಣುಪಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ.

ಮತ್ತೆ ಮೇಲೆ ಬರಲು ಹತ್ತು ಹದಿನೈದು ನಿಮಿಷ ಬೇಕು. ಒಳ್ಳೆಯ ಚಾಲಕ ಆ ಹೊತ್ತು ಸುಮ್ಮನೆ ಕಾಯುತ್ತಾನೆ. ಎದ್ದಾಗ ಪಕ್ಕದಿಂದ, ಅದೇ ದಿಕ್ಕಿನಲ್ಲಿ, ಅದೇ ವೇಗದಲ್ಲಿ ದೂರವಿದ್ದುಕೊಂಡು ಸಾಗುತ್ತಾನೆ. ಎದುರಿಗೆ ಅಡ್ಡ ಹೋಗುವುದಿಲ್ಲ, ಹಿಂದಿನಿಂದ ಅಟ್ಟುವುದಿಲ್ಲ. ತಿಮಿಂಗಿಲ ಥಟ್ಟನೆ ದಿಕ್ಕು ಬದಲಿಸಿದರೆ, ಒಂದೆರಡು ಉಸಿರಿಗೇ ಮುಳುಗಿಬಿಟ್ಟರೆ, ಅದಕ್ಕೆ ನಮ್ಮ ಇರುವಿಕೆ ಬೇಡವಾಗಿದೆ ಎಂದು ತಿಳಿಯಬೇಕು. ಸಾಕಷ್ಟು ಉಸಿರೆಳೆದುಕೊಳ್ಳದೆ ಇಳಿದರೆ ಅದರ ಊಟ ಕೆಡುತ್ತದೆ. ಅಂಥ ಹೊತ್ತಿನಲ್ಲಿ ‘ಇನ್ನಷ್ಟು ಹತ್ತಿರ ಹೋಗಿ’ ಎಂದು ಕೂಗುವವರ ನಡುವೆ ‘ಅಣ್ಣ, ಇಲ್ಲೇ ನಿಲ್ಲಿಸಿ, ಸಾಕು’ ಎನ್ನುವವರು ಒಬ್ಬರಾದರೂ ಬೇಕು. ಭಾಷೆ ಬಾರದಿದ್ದರೆ ಕೈಸನ್ನೆ ಸಾಕು. ಚಾಲಕರಿಗೆ ಇದು ಅರ್ಥವಾಗುತ್ತದೆ; ಹೆಚ್ಚಿನವರು ಬೆನ್ನಟ್ಟುವುದು ಪ್ರವಾಸಿಗರ ಮುನಿಸಿಗೆ ಹೆದರಿ.

ನೀಲಿ ತಿಮಿಂಗಿಲವಲ್ಲದೆ ಬ್ರೈಡ್ಸ್ ತಿಮಿಂಗಿಲವೂ ಇಲ್ಲಿ ಸಿಗುತ್ತದೆ. ಗಾತ್ರ ಚಿಕ್ಕದು, ತಲೆಯ ಮೇಲೆ ಮೂರು ಏಣುಗಳು. ಉಸಿರು ಗಿಡ್ಡವಾಗಿ ಎಡಕ್ಕೆ ವಾಲಿ ಪೊದೆಯಂತೆ ಹರಡಿದರೆ ಅದು ಸ್ಪರ್ಮ್ ತಿಮಿಂಗಿಲ. ನಮ್ಮ ಪತ್ರಿಕೆಗಳಲ್ಲಿ ಆಗಾಗ ಸುದ್ದಿಯಾಗುವ ‘ತಿಮಿಂಗಿಲ ವಾಂತಿ’ ಇದರದ್ದೇ. ಯಾರಾದರೂ ಮಾರಲು ಬಂದರೆ ದೂರವಿರಿ, ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದೂ ಅಪರಾಧ.

ದಿಗಂತದಲ್ಲಿ ದೊಡ್ಡ ಸರಕು ಹಡಗುಗಳು ಸಾಲಾಗಿ ಹೋಗುವುದು ಕಾಣುತ್ತದೆ. ಏಷ್ಯಾದ ಪೂರ್ವ ಪಶ್ಚಿಮಗಳನ್ನು ಬೆಸೆಯುವ, ಜಗತ್ತಿನಲ್ಲೇ ಅತ್ಯಂತ ದಟ್ಟಣೆಯ ಹಡಗು ಮಾರ್ಗಗಳಲ್ಲಿ ಒಂದು ಈ ತಿಮಿಂಗಿಲಗಳ ಊಟದ ಜಾಗವನ್ನೇ ಹಾದುಹೋಗುತ್ತದೆ. ಹಡಗು ಬಡಿದು ತಿಮಿಂಗಿಲಗಳು ಸಾಯುತ್ತಿವೆ. ಮಾರ್ಗವನ್ನು ಸುಮಾರು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿದರೆ ಈ ಅಪಾಯ ಬಹಳ ತಗ್ಗುತ್ತದೆ ಎಂದು ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ತಾನಾಗಿಯೇ ಆ ದೂರದ ದಾರಿ ಹಿಡಿಯಿತು. ಉಳಿದವರೂ ಹಿಡಿಯಲಿ ಎಂದು ಮನಸ್ಸು ಬಯಸುತ್ತದೆ.

ಚಿತ್ರ ತೆಗೆಯುವವರಿಗೆ

ಮೊಬೈಲಿನಲ್ಲಿ 100 ಮೀಟರ್ ಆಚೆಯ ತಿಮಿಂಗಿಲ ಒಂದು ಗೆರೆಯಾಗಿ ಕಾಣುತ್ತದೆ. ವಿಡಿಯೊ ಮಾಡಿ, ಇಲ್ಲವೇ ಕೆಳಗಿಟ್ಟು ಕಣ್ಣಿನಿಂದ ನೋಡಿ. ಕ್ಯಾಮೆರಾ ಇದ್ದರೆ 70-300 ಮಿ.ಮೀ. ಲೆನ್ಸ್ ಸಾಕು. ಷಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನವಾಗದಿರಲಿ. ಟ್ರೈಪಾಡ್ ಬೇಡ. ರಾತ್ರಿ ಕೋಣೆಗೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸುವುದನ್ನು ಮರೆಯಬೇಡಿ.

ಒಂದು ಚಿತ್ರವನ್ನು ಮಾತ್ರ ಬೇಕೆಂದೇ ತೆಗೆಯಲು ನೋಡಿ: ಹಿಂದಿನ ಪುಟ್ಟ ಈಜುರೆಕ್ಕೆಯ ಸುತ್ತಲಿನ ಮೈ, ಪಕ್ಕದಿಂದ. ಅಲ್ಲಿನ ಮಚ್ಚೆಗಳ ವಿನ್ಯಾಸ ಪ್ರತಿ ನೀಲಿ ತಿಮಿಂಗಿಲಕ್ಕೂ ಬೇರೆ ಬೇರೆ. ವಿಜ್ಞಾನಿಗಳು ಒಂದೊಂದು ತಿಮಿಂಗಿಲವನ್ನೂ ಗುರುತಿಸುವುದು ಅದರಿಂದಲೇ. ಬಾಲ ಎತ್ತಿದರೆ ಬಾಲದ ಚಿತ್ರವೂ ಉಪಯೋಗಕ್ಕೆ ಬರುತ್ತದೆ. ದಿನಾಂಕ, ಹೊತ್ತು, ಫೋನಿನ ನಕ್ಷೆ ತೋರಿಸುವ ಸ್ಥಳವನ್ನು ಬರೆದಿಟ್ಟುಕೊಂಡು ಹ್ಯಾಪಿವೇಲ್‌ನಂಥ, ಜನಸಾಮಾನ್ಯರು ಕಳಿಸಿದ ಚಿತ್ರಗಳಿಂದ ತಿಮಿಂಗಿಲಗಳನ್ನು ಗುರುತಿಸುವ ಜಾಲತಾಣಕ್ಕೆ ಕಳಿಸಿ, ದೋಣಿಯ ಮಾರ್ಗದರ್ಶಕರಿಗೂ ಒಂದು ಪ್ರತಿ ಕೊಡಿ. ನಿಮ್ಮ ದೋಣಿ ನಿಯಮ ಪಾಲಿಸಿದ್ದರೆ ಅದನ್ನು ಹೆಸರು ಹೇಳಿ ವಿಮರ್ಶೆಯಲ್ಲಿ ಬರೆಯಿರಿ, ‘100 ಮೀಟರ್ ದೂರ ನಿಲ್ಲಿಸಿದರು, ಎಂಜಿನ್ ಆರಿಸಿ ಕಾದರು’ ಎಂಬಷ್ಟು ವಿವರವಾಗಿ. ಮುಂದಿನ ಪ್ರವಾಸಿ ದೋಣಿ ಹುಡುಕುವಾಗ ಓದುವುದು ಅದನ್ನೇ.